ಎಂಟು ವರ್ಷದ ಬ್ಲಾಗು: ಮುಂದುವರಿಸಲೋ, ನಿಲ್ಲಿಸಲೋ?

ಲೋಲಕ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

2017ರಿಂದ ಒಂದು ಬ್ಲಾಗು ನಡೆಸುತ್ತಿದ್ದೇನೆ. ಹಳೆಯ ಗೋಡೆ ಗಡಿಯಾರಗಳನ್ನು ಬಿಚ್ಚಿ, ತೊಳೆದು, ಮತ್ತೆ ನಡೆಯುವ ಹಾಗೆ ಮಾಡುವುದು ನನ್ನ ಹವ್ಯಾಸ. ಮಾಡಿದ್ದನ್ನೆಲ್ಲ ಚಿತ್ರ ಸಮೇತ ಬರೆದಿಡುತ್ತ ಬಂದೆ, ಈವರೆಗೆ 214 ಬರಹಗಳಾಗಿವೆ. ಮೊದಮೊದಲು ಏನು ಹುರುಪು ಅಂತೀರಿ! ರಾತ್ರಿ ಕೈಗೆ ಮೆತ್ತಿದ ಎಣ್ಣೆ ಒರೆಸಿಕೊಂಡು ಬರೆಯಲು ಕೂತರೆ ಏಳುವ ಹೊತ್ತಿಗೆ ಗಂಟೆ ಒಂದಾಗಿರುತ್ತಿತ್ತು.

ಈಗ ಹಾಗಿಲ್ಲ. ಒಂದು ಕಾಲಕ್ಕೆ ಬರಹ ಹಾಕಿದ ವಾರದಲ್ಲಿ ಮುನ್ನೂರು ಜನ ಓದುತ್ತಿದ್ದರು, ಈಗ ನಲವತ್ತು ದಾಟಿದರೆ ದೊಡ್ಡದು. ಬೆಳಿಗ್ಗೆ ಎದ್ದ ಕೂಡಲೇ ಕೈ ತಾನಾಗಿ ಎಣಿಕೆಯ ಪುಟಕ್ಕೆ ಹೋಗುತ್ತದೆ. ಅಲ್ಲಿ ಗೆರೆ ಇಳಿದಿದ್ದರೆ ಮಧ್ಯಾಹ್ನದ ತನಕ ಮನಸ್ಸು ಮುದುಡಿಕೊಂಡಿರುತ್ತದೆ. ಕಮೆಂಟು ಬಂದು ತಿಂಗಳುಗಳಾದವು. ಅರ್ಧ ಬರೆದಿಟ್ಟ ಡ್ರಾಫ್ಟುಗಳು 37 ಇವೆ, ಒಂದನ್ನೂ ಮುಗಿಸಲಾಗುತ್ತಿಲ್ಲ.

ಮೊನ್ನೆ ಡೊಮೈನು, ಅಂದರೆ ಬ್ಲಾಗಿನ ವೆಬ್ ವಿಳಾಸ, ರಿನ್ಯೂ ಮಾಡಿ ಅಂತ ಇಮೇಲು ಬಂತು. ಪ್ರತಿ ವರ್ಷ ನೋಡಿದ ತಕ್ಷಣ ಕಟ್ಟಿಬಿಡುತ್ತಿದ್ದವನು ಈ ಸಲ ಎರಡು ದಿನ ಸುಮ್ಮನಿದ್ದೆ. ಬೇಸರವಲ್ಲ, ಒಂಥರಾ ಭಯ. ಎಂಟು ವರ್ಷ ಜತನ ಮಾಡಿದ್ದನ್ನು ಇಷ್ಟು ಸುಲಭವಾಗಿ ಕೈಬಿಡುವ ಯೋಚನೆ ನನಗೆ ಬಂತಲ್ಲ ಅಂತ.

ನಿಮ್ಮಲ್ಲಿ ಹಲವರು ನನಗಿಂತ ಮೊದಲಿಂದ ಬರೆಯುತ್ತಿದ್ದೀರಿ. ಈ ಘಟ್ಟ ನಿಮಗೂ ಬಂದಿತ್ತೇ? ಆಗ ಏನು ಮಾಡಿದಿರಿ?

ಕರಡುಪ್ರತಿ

ಲೋಲಕ ಅವರೇ, ಸ್ವಾಗತ. ಮೊದಲು ಡೊಮೈನಿನ ದುಡ್ಡು ಕಟ್ಟಿಬಿಡಿ, ಮಿಕ್ಕ ಮಾತು ಆಮೇಲೆ. ನಿಲ್ಲಿಸುವುದೇ ಆದರೆ ನೀವು ಕೂತು ಯೋಚಿಸಿ ನಿಲ್ಲಿಸಿ. ಗಡುವು ದಾಟಿತು ಅನ್ನುವ ಕಾರಣಕ್ಕೆ ನಿಂತುಹೋಗುವುದು ಬೇಡ.

ಆ ಎಣಿಕೆಯ ಗೆರೆಯ ಹಿಂದೆ ನಾನೂ ಮೂರು ವರ್ಷ ಓಡಿದ್ದೇನೆ. ಒಂದು ದಿನ ಇದ್ದಕ್ಕಿದ್ದಂತೆ ಭೇಟಿಗಳು ಆರು ಪಟ್ಟು ಏರಿದವು. ಯಾರು ಬಂದಿದ್ದಾರೆ ನೋಡೋಣ ಅಂತ ಖುಷಿಯಿಂದ, ಬಂದವರೆಲ್ಲ ದಾಖಲಾಗುವ ಸರ್ವರಿನ ಲಾಗ್ ಫೈಲು ತೆರೆದೆ. ಸಾಲು ಸಾಲಾಗಿ ಒಂದೇ ಐಪಿ ವಿಳಾಸ. ಸೆಕೆಂಡಿಗೆ ಎರಡು ಮೂರು ಸಲ ಲಾಗಿನ್ ಪುಟದ ಬಾಗಿಲು ಬಡಿಯುತ್ತಿತ್ತು. ಪಾಸ್‌ವರ್ಡ್ ಊಹಿಸುವ ಬಾಟ್, ಅಂದರೆ ತಾನಾಗಿ ನಡೆಯುವ ಪ್ರೋಗ್ರಾಮು ಅದು, ಓದುಗರಲ್ಲ. ನನ್ನ ಬರಹದ ಒಂದು ಸಾಲನ್ನೂ ಅದು ಓದಿರಲಿಲ್ಲ.

ಆಮೇಲೆ ಎಣಿಕೆ ಹೇಗೆ ನಡೆಯುತ್ತದೆ ಅಂತ ತಿಳಿದುಕೊಂಡೆ. ಸರ್ವರ್ ಲಾಗಿನಿಂದ ಎಣಿಸಿದರೆ ಬಾಟ್‌ಗಳೆಲ್ಲ ಸೇರಿಕೊಳ್ಳುತ್ತವೆ. ಪುಟದೊಳಗೆ ಜಾವಾಸ್ಕ್ರಿಪ್ಟ್ (ಬ್ರೌಸರಿನಲ್ಲಿ ಓಡುವ ಸಣ್ಣ ಕೋಡು) ಹಾಕಿ ಎಣಿಸಿದರೆ ಅವು ಬಹಳಮಟ್ಟಿಗೆ ತಪ್ಪುತ್ತವೆ, ಆದರೆ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಇರುವ ನಿಜವಾದ ಓದುಗರೂ ಅನೇಕ ಸಲ ತಪ್ಪಿಹೋಗುತ್ತಾರೆ. ಹಲವು ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುವ ಫೀಡ್ ರೀಡರಿನಲ್ಲಿ ಪೂರ್ತಿ ಬರಹ ಓದುವವರು ನಿಮ್ಮ ಪುಟಕ್ಕೆ ಬರುವುದೇ ಇಲ್ಲ. ಅವರನ್ನು ನೀವು ಯಾವ ಗೆರೆಯಲ್ಲೂ ಕಾಣಲಾರಿರಿ.

ಇಳಿಕೆಗೆ ನಿಮ್ಮ ಬರಹವೇ ಕಾರಣ ಅಂದುಕೊಳ್ಳಬೇಡಿ. 2013ರ ಜುಲೈ 1ರಂದು ಗೂಗಲ್ ರೀಡರ್ ಅನ್ನುವ ಫೀಡ್ ರೀಡರು ಮುಚ್ಚಿತು. ನನ್ನ ಹಳೆಯ ಓದುಗರಲ್ಲಿ ಹೆಚ್ಚಿನವರು ಬರುತ್ತಿದ್ದದ್ದು ಅದರ ಮೂಲಕ. ಒಂದೇ ತಿಂಗಳಲ್ಲಿ ಅರ್ಧಕ್ಕರ್ಧ ಕಾಣೆಯಾದರು. ನಾನು ಹಿಂದಿನ ವಾರ ಬರೆದ ಹಾಗೇ ಆ ವಾರವೂ ಬರೆದಿದ್ದೆ! ಅವತ್ತು ಅತ್ತಿದ್ದೇನೆ, ನಿಜ ಹೇಳಬೇಕೆಂದರೆ.

ಈಗ ತಿಂಗಳಿಗೊಮ್ಮೆ, ಒಂದನೇ ತಾರೀಖು ಮಾತ್ರ ನೋಡುತ್ತೇನೆ. ಅದರಲ್ಲೂ ಒಟ್ಟು ಎಷ್ಟು ಅನ್ನುವುದನ್ನು ಬಿಟ್ಟು, ಯಾವ ಹಳೆಯ ಬರಹ ಓದಿದ್ದಾರೆ ಅನ್ನುವ ಕಡೆ ಮಾತ್ರ ಕಣ್ಣು ಹಾಯಿಸುತ್ತೇನೆ. ನೀವೂ ಒಮ್ಮೆ ಹಾಗೆ ನೋಡಿ. ನಿಮ್ಮದು ಕೆಲಸ ಕಲಿಸುವ ಬ್ಲಾಗು. ಅಂಥದ್ದನ್ನು ಜನ ಹಾಕಿದ ವಾರ ಓದುವುದಿಲ್ಲ, ಬೇಕಾದ ದಿನ ಹುಡುಕಿಕೊಂಡು ಬರುತ್ತಾರೆ.

ನಿಧಾನಿ

ಡ್ರಾಫ್ಟುಗಳ ಬಗ್ಗೆ ಮಾತ್ರ ಹೇಳುತ್ತೇನೆ. ನನ್ನ ಹತ್ತಿರ 60 ಇದ್ದವು. ಒಂದು ರಜೆಯ ದಿನ ಒಂದೊಂದಾಗಿ ತೆರೆದು, ಇದರಲ್ಲಿ ಏನು ಹೇಳಲು ಹೊರಟಿದ್ದೆ ಅಂತ ಒಂದೇ ವಾಕ್ಯ ಬರೆಯಲು ನೋಡಿದೆ. ಬರೆಯಲು ಬಾರದ್ದನ್ನು ಅಳಿಸಿದೆ. ಒಂಬತ್ತು ಉಳಿದವು, ಅವನ್ನು ನಾಲ್ಕು ತಿಂಗಳಲ್ಲಿ ಮುಗಿಸಿದೆ. ಆ ಅರವತ್ತರ ಭಾರ ಇರುವತನಕ ಹೊಸದೊಂದು ಸಾಲು ಹೊಳೆದಿರಲಿಲ್ಲ.

ಕಮೆಂಟು ಬರುವುದಿಲ್ಲ ಅಂದಿರಿ. ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲೇ ಇದನ್ನು ಬರೆದಿದ್ದರು: ಅಂತರ್ಜಾಲದ ಬಳಗಗಳಲ್ಲಿ ಸುಮಾರು ನೂರಕ್ಕೆ 90 ಮಂದಿ ಓದಿ ಸುಮ್ಮನೆ ಹೋಗುತ್ತಾರೆ, 9 ಮಂದಿ ಅಪರೂಪಕ್ಕೆ ಏನಾದರೂ ಹೇಳುತ್ತಾರೆ, ಹೆಚ್ಚಿನ ಮಾತೆಲ್ಲ ಉಳಿದ ಒಬ್ಬರದು. ಬ್ಲಾಗುಗಳಲ್ಲಂತೂ ಸುಮ್ಮನೆ ಓದಿಹೋಗುವವರು 95 ಅಂತ ಅವರ ಲೆಕ್ಕ. ನಲವತ್ತು ಜನ ಓದಿದರೆ ಮಾತಾಡುವವರು ಎಷ್ಟು ಉಳಿದರು, ನೀವೇ ಲೆಕ್ಕ ಹಾಕಿ. ಮೌನಕ್ಕೆ ತಿರಸ್ಕಾರ ಅಂತ ಅರ್ಥ ಹಚ್ಚಬೇಡಿ.

ಹಳೇಪುಟ

ಕರಡುಪ್ರತಿ ಅವರ ಮಾತಿಗೆ ನನ್ನದೂ ಸೇರಿಸಿ. ಮುಂದುವರಿಸುವುದು, ನಿಲ್ಲಿಸುವುದು ಎರಡನೆಯ ಪ್ರಶ್ನೆ. ಬರೆದದ್ದು ನಿಮ್ಮ ಕೈಯಲ್ಲಿದೆಯೇ ಅನ್ನುವುದು ಮೊದಲನೆಯದು.

ನನ್ನ ಮೊದಲ ಬ್ಲಾಗು ಒಂದು ಉಚಿತ ಸೇವೆಯಲ್ಲಿತ್ತು. ಆರು ವರ್ಷ, 160 ಬರಹ. ಆ ಸೇವೆ ಮುಚ್ಚುತ್ತದೆ ಅಂತ ಮೂರು ಸಲ ಎಚ್ಚರಿಕೆಯ ಇಮೇಲು ಕಳಿಸಿದ್ದರಂತೆ. ಅವು ಹೋದದ್ದು ನಾನು ಬಿಟ್ಟುಬಿಟ್ಟಿದ್ದ ಹಳೆಯ ಇಮೇಲಿಗೆ. ನನಗೆ ಗೊತ್ತಾದದ್ದು ಎಲ್ಲ ಮುಗಿದು ಎರಡು ತಿಂಗಳಾದ ಮೇಲೆ, ಸ್ನೇಹಿತರೊಬ್ಬರು "ನಿಮ್ಮ ಪುಟ ತೆರೆಯುತ್ತಿಲ್ಲವಲ್ಲ" ಅಂದಾಗ.

ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಹುಡುಕಿದೆ. 2001ರಿಂದ ಎಲ್ಲರಿಗೂ ತೆರೆದಿರುವ ಸಂಗ್ರಹ ಅದು, ಅದಕ್ಕೆ ನಾನು ಜೀವನಪೂರ್ತಿ ಋಣಿ. 94 ಬರಹಗಳು ಸಿಕ್ಕವು. ಅಕ್ಷರ ಬಂತು, ಚಿತ್ರಗಳಲ್ಲಿ ಹೆಚ್ಚಿನವು ಬರಲಿಲ್ಲ. ಒಂದು ಬರಹದಲ್ಲಿ "ಕೆಳಗಿನ ಪುಟದಲ್ಲಿ ಅಜ್ಜಿಯ ಕೈಬರಹ ನೋಡಿ, ಕೊನೆಯ ಸಾಲಿಗೆ ಬರುವಾಗ ಕೈ ನಡುಗಿದ್ದು ಕಾಣುತ್ತದೆ" ಅಂತಿದೆ. ಅದರ ಕೆಳಗೆ ಒಂದು ಖಾಲಿ ಚೌಕ. ಆ ಕಾಗದ ಮನೆ ಬದಲಿಸುವಾಗ ಕಳೆದುಹೋಗಿತ್ತು, ಚಿತ್ರ ಬ್ಲಾಗಿನಲ್ಲಿದೆಯಲ್ಲ ಅಂತ ನಾನು ನಿಶ್ಚಿಂತನಾಗಿದ್ದೆ.

ದೊಡ್ಡ ಸೇವೆ, ಏನೂ ಆಗುವುದಿಲ್ಲ ಅನ್ನಬೇಡಿ. ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಹೋಯಿತು. ಪೋಸ್ಟರಸ್ 2013ರ ಏಪ್ರಿಲ್ 30ಕ್ಕೆ. ಟೈಪ್‌ಪ್ಯಾಡ್ 2003ರಿಂದ ನಡೆದುಬಂದದ್ದು, 2025ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಎರಡು ದಶಕ ಅಲ್ಲಿ ಬರೆದವರಿಗೆ ಸಿಕ್ಕ ಸಮಯ ಒಂದು ತಿಂಗಳ ಆಸುಪಾಸು.

ಇವತ್ತೇ ಬ್ಯಾಕಪ್ಪು ತೆಗೆದಿಡಿ. ಒಂದು ವಿಷಯ ಗಮನದಲ್ಲಿರಲಿ: ವರ್ಡ್‌ಪ್ರೆಸ್ ಅನ್ನುವ ಬ್ಲಾಗಿನ ತಂತ್ರಾಂಶದಲ್ಲಿ ಎಕ್ಸ್‌ಪೋರ್ಟ್ ಒತ್ತಿದಾಗ ಬರುವ ಎಕ್ಸ್‌ಎಂಎಲ್ ಫೈಲಿನಲ್ಲಿ ಬರಹ, ಕಮೆಂಟು ಇರುತ್ತವೆ, ಚಿತ್ರಗಳಿರುವುದಿಲ್ಲ. ಚಿತ್ರ ಎಲ್ಲಿದೆ ಅನ್ನುವ ವಿಳಾಸವಷ್ಟೇ ಇರುತ್ತದೆ. ಮೂಲ ಮುಚ್ಚಿದರೆ ಆ ವಿಳಾಸ ಇದ್ದೂ ಪ್ರಯೋಜನವಿಲ್ಲ.

ಡೊಮೈನಿನ ವಿಷಯ: ಡಾಟ್ ಕಾಮ್ ವಿಳಾಸವನ್ನು ನೋಂದಣಿಯಿಂದ ತೆಗೆದ ಮೇಲೂ 30 ದಿನ ಹಳೆಯ ಒಡೆಯರು ಬಿಡಿಸಿಕೊಳ್ಳಬಹುದು, ಆದರೆ ಶುಲ್ಕ ಜಾಸ್ತಿ. ಅದೂ ಕಳೆದರೆ ಇನ್ನೈದು ದಿನ, ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು. ನನ್ನ ಪರಿಚಯದವರೊಬ್ಬರ ಕವಿತೆಗಳಿದ್ದ ವಿಳಾಸದಲ್ಲಿ ಈಗ ಜೂಜಿನ ಜಾಹೀರಾತು ಇದೆ. ಅವರ ಕವಿತೆಗೆ ಯಾರೋ ಕೊಟ್ಟಿದ್ದ ಲಿಂಕುಗಳೆಲ್ಲ ಇವತ್ತು ಅಲ್ಲಿಗೇ ಹೋಗುತ್ತವೆ.

ಲೋಲಕ

ಡೊಮೈನು ಈಗಷ್ಟೇ ರಿನ್ಯೂ ಮಾಡಿದೆ. ಹಳೇಪುಟ ಅವರೇ, ಆ ಖಾಲಿ ಚೌಕದ ಮಾತು ಓದಿ ಕೆಲಸ ಬಿಟ್ಟು ಎದ್ದೆ.

ಬ್ಯಾಕಪ್ಪು ಇದೆ ಅಂದುಕೊಂಡಿದ್ದೆ. ಪ್ರತಿ ವರ್ಷ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವಿನಲ್ಲಿ ಇಡುತ್ತಿದ್ದೆ. ಈಗ ತೆರೆದು ನೋಡಿದರೆ ನೀವು ಹೇಳಿದ ಹಾಗೇ ಇದೆ, ಚಿತ್ರಗಳ ವಿಳಾಸ ಮಾತ್ರ. 1,100ಕ್ಕೂ ಹೆಚ್ಚು ಚಿತ್ರಗಳಿವೆ ನನ್ನ ಬ್ಲಾಗಿನಲ್ಲಿ. ಒಂದೊಂದು ಹಲ್ಲುಚಕ್ರ ಎಲ್ಲಿ ಕೂರುತ್ತದೆ ಅಂತ ತೋರಿಸುವ ಚಿತ್ರಗಳು, ಅವಿಲ್ಲದೆ ಬರಹಕ್ಕೆ ಅರ್ಥವೇ ಇಲ್ಲ. ಈಗ ಹೋಸ್ಟಿಂಗಿನಿಂದ ಚಿತ್ರಗಳ ಫೋಲ್ಡರನ್ನು ಇಳಿಸಿಕೊಳ್ಳುತ್ತಿದ್ದೇನೆ.

ಇನ್ನೊಂದು ಕಂಡಿತು. ಕೆಲವು ಬರಹಗಳ ವಿಳಾಸ ಅರ್ಧಕ್ಕೇ ತುಂಡಾಗಿದೆ. ಎರಡು ಬರಹಗಳ ಕೊನೆಗೆ 2, 3 ಅಂತ ಅಂಕೆ ಸೇರಿಕೊಂಡಿದೆ. ನಾನು ಹಾಕಿದ್ದಲ್ಲ. ಯಾಕೆ ಹೀಗೆ?

ಒಂಟಿಸಾಲು

ವರ್ಡ್‌ಪ್ರೆಸ್ ತಾನೆ? ಶೀರ್ಷಿಕೆ ಕನ್ನಡದಲ್ಲಿದ್ದರೆ ಅದು ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ ಯುಟಿಎಫ್-8 ಅನ್ನುವ ಅಕ್ಷರ ಸಂಕೇತ ಪದ್ಧತಿಯಲ್ಲಿ ಮೂರು ಬೈಟು ಬೇಕು. ವೆಬ್ ವಿಳಾಸದಲ್ಲಿ ಒಂದು ಬೈಟು, ಶೇಕಡಾ ಚಿಹ್ನೆಯೂ ಸೇರಿ, ಮೂರು ಅಕ್ಷರದ ಜಾಗ ತಿನ್ನುತ್ತದೆ. ಅಲ್ಲಿಗೆ ಒಂದು ಚಿಹ್ನೆಗೆ ಒಂಬತ್ತು. "ಗಡಿಯಾರ" ನಮಗೆ ನಾಲ್ಕೇ ಅಕ್ಷರ. ಕಂಪ್ಯೂಟರಿಗೆ ಗುಡಿಸು, ದೀರ್ಘ ಬೇರೆ ಬೇರೆ ಎಣಿಸಿ ಆರು ಚಿಹ್ನೆ, ವಿಳಾಸದಲ್ಲಿ 54. ಆ ಭಾಗಕ್ಕೆ ವರ್ಡ್‌ಪ್ರೆಸ್ ಇಟ್ಟಿರುವ ಜಾಗ 200. ಇಪ್ಪತ್ತೆರಡು ಚಿಹ್ನೆ ಹಿಡಿಯುವಷ್ಟರಲ್ಲಿ ತುಂಬಿಹೋಗುತ್ತದೆ, ಉಳಿದದ್ದು ಕತ್ತರಿಸಿಹೋಗುತ್ತದೆ. ನಿಮ್ಮ ಎರಡು ಮೂರು ಶೀರ್ಷಿಕೆಗಳು ಒಂದೇ ಥರ ಶುರುವಾಗಿರಬೇಕು. ಕತ್ತರಿಸಿದ ಮೇಲೆ ಎಲ್ಲ ಒಂದೇ ಆಗುವುದರಿಂದ ಅಂಕೆ ಸೇರಿಸಿ ಬೇರೆ ಮಾಡಿದೆ.

ಇನ್ನು ಮುಂದೆ ಶೀರ್ಷಿಕೆ ಎಷ್ಟು ಉದ್ದವಿದ್ದರೂ ವಿಳಾಸಕ್ಕೆ ಮಾತ್ರ ಎರಡು ಮೂರು ಪದ ಕೈಯಾರೆ ಬರೆಯಿರಿ. ಹಳೆಯವನ್ನು ಚಂದ ಕಾಣಲಿ ಅಂತ ಬದಲಿಸಲು ಹೋಗಬೇಡಿ. ವರ್ಡ್‌ಪ್ರೆಸ್ ಹಳೆಯ ವಿಳಾಸ ನೆನಪಿಟ್ಟುಕೊಂಡು ಹೊಸದಕ್ಕೆ ಕಳಿಸುತ್ತದೆ ನಿಜ, ಆದರೆ ನಾಳೆ ಬೇರೆ ತಂತ್ರಾಂಶಕ್ಕೆ ಹೋದರೆ ಒಂದೊಂದಕ್ಕೂ ನೀವೇ 301 ರೀಡೈರೆಕ್ಟ್ (ಹಳೆಯ ವಿಳಾಸದಿಂದ ಹೊಸದಕ್ಕೆ ಕಳಿಸುವ ಸೂಚನೆ) ಕೊಡಬೇಕಾಗುತ್ತದೆ. ಕೊಡದಿದ್ದರೆ, ಯಾರೋ ಎಲ್ಲೋ ಉಳಿಸಿಟ್ಟುಕೊಂಡ ಲಿಂಕು 404, ಅಂದರೆ ಪುಟ ಸಿಗಲಿಲ್ಲ ಅಂತ ತೋರಿಸುತ್ತದೆ.

ಮುಂಜಾವು

ನನ್ನ ಸಂಕಟ ಬೇರೆ ಥರದ್ದು, ಆದರೂ ಇಲ್ಲಿ ಹೇಳಬೇಕು ಅನ್ನಿಸಿತು.

ನನ್ನ ಬ್ಲಾಗು ದಿನಚರಿಯ ಹಾಗೆ. ಅಮ್ಮನ ಕೊನೆಯ ಕಾಯಿಲೆಯ ದಿನಗಳಲ್ಲಿ ಹನ್ನೊಂದು ಬರಹ ಬರೆದೆ. ಬರೆಯದಿದ್ದರೆ ಆ ದಿನಗಳನ್ನು ದಾಟುತ್ತಿರಲಿಲ್ಲ. ನನ್ನ ಬ್ಲಾಗಿನಲ್ಲಿ ಅತಿ ಹೆಚ್ಚು ಜನ ಓದಿದ್ದು ಅವನ್ನೇ. ನಾಲ್ಕು ವರ್ಷದ ಮೇಲೆ ಅಕ್ಕ ಫೋನು ಮಾಡಿದಳು. ಆರನೆಯ ಬರಹದಲ್ಲಿ "ಅಕ್ಕ ಆ ರಾತ್ರಿ ಬರಲಿಲ್ಲ" ಅಂತ ಒಂದು ಸಾಲಿದೆ. ಅಷ್ಟೇ. ಅವಳ ಸಹೋದ್ಯೋಗಿಯೊಬ್ಬರು ಅದನ್ನು ಓದಿ ಕೇಳಿದರಂತೆ, ಯಾಕೆ ಹೋಗಲಿಲ್ಲ ನೀವು ಅಂತ. ಅವಳು ಬರಲಾಗದ್ದಕ್ಕೆ ಕಾರಣವಿತ್ತು. ಅದು ನನಗೂ ಗೊತ್ತಿತ್ತು. ಬರೆಯುವಾಗ ನನ್ನ ನೋವು ಮಾತ್ರ ಕಂಡಿತ್ತು.

ಆ ರಾತ್ರಿಯೇ ಆ ಬರಹ ತೆಗೆದುಹಾಕಿದೆ. ಅಕ್ಕ ತೆಗೆ ಅಂತ ಕೇಳಿರಲಿಲ್ಲ.

ಹಳೇಪುಟ

ಮುಂಜಾವು ಅವರೇ, ನಿಮ್ಮ ನೋವು ಅರ್ಥವಾಗುತ್ತದೆ, ಆದರೂ ಪೂರ್ತಿ ತೆಗೆದದ್ದು ನನಗೆ ಸರಿ ಕಾಣಲಿಲ್ಲ. ಒಂದು ಸಾಲು ತಿದ್ದಿದ್ದರೆ ಸಾಕಿತ್ತು. ನಿಮ್ಮಂಥದೇ ರಾತ್ರಿಗಳನ್ನು ಕಳೆಯುವವರು ಯಾರೋ ಆ ಬರಹ ಹಿಡಿದುಕೊಂಡು ಕೂತಿರಬಹುದು. ಕಳೆದುಹೋದದ್ದರ ಬೆಲೆ ನಾನು ನೋಡಿದ್ದೇನೆ.

ಮುಂಜಾವು

ನಿಮ್ಮದು ನಿಮ್ಮ ಇಷ್ಟಕ್ಕೆ ವಿರುದ್ಧವಾಗಿ ಹೋಯಿತು, ನನ್ನದು ನಾನೇ ಕೊಟ್ಟದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ದಯವಿಟ್ಟು. ಬರಹ ನನ್ನ ಕಂಪ್ಯೂಟರಿನಲ್ಲಿ ಇನ್ನೂ ಇದೆ. ಅಕ್ಕನಿಗೆ ಕಳಿಸಿದ್ದೇನೆ, ಎಲ್ಲಿ ತಿದ್ದಬೇಕು ಅನ್ನುವುದು ಅವಳ ಮಾತು. ಎರಡು ವರ್ಷವಾಯಿತು, ಅವಳಿನ್ನೂ ಏನೂ ಹೇಳಿಲ್ಲ, ನಾನೂ ಮತ್ತೆ ಕೇಳಿಲ್ಲ. ಅದಾದ ಮೇಲೆ ಮನೆಯವರ ಬಗ್ಗೆ ಏನೇ ಬರೆದರೂ ಹಾಕುವ ಮುಂಚೆ ಅವರಿಗೆ ತೋರಿಸುತ್ತೇನೆ. ಇದರಿಂದ ಬರಹ ಸಪ್ಪೆಯಾಗುತ್ತದೆ ಅಂತ ಕೆಲವರು ಹೇಳಿದ್ದಾರೆ. ನನಗೆ ಹಾಗನ್ನಿಸಿಲ್ಲ. ಅಪ್ಪ ಒಂದು ಬರಹ ಓದಿ, ನಾನು ಮರೆತಿದ್ದ ಒಂದು ಸಂಗತಿಯನ್ನು ತಾವಾಗಿ ಹೇಳಿ ಸೇರಿಸಿದರು.

ಹಳೇಪುಟ

ಕ್ಷಮಿಸಿ. ಅವಸರದಲ್ಲಿ ಬರೆದೆ. ಅಕ್ಕನ ಕೈಗೆ ಕೊಟ್ಟದ್ದು ಸರಿಯಾದದ್ದೇ.

ನಿಧಾನಿ

ಕಮೆಂಟಿನ ಜಾಗ ತೆರೆದಿಡುವುದೋ ಮುಚ್ಚುವುದೋ ಅನ್ನುವ ಬಗ್ಗೆ ಯಾರಾದರೂ ಹೇಳಿ. ನನಗೆ ದಿನಕ್ಕೆ ಇಪ್ಪತ್ತು ಮೂವತ್ತು ಸ್ಪ್ಯಾಮು. ಎಲ್ಲದರಲ್ಲೂ "ಬಹಳ ಉಪಯುಕ್ತ ಮಾಹಿತಿ, ಧನ್ಯವಾದ" ಅಂತಿರುತ್ತದೆ, ಹೆಸರಿನ ಹಿಂದೆ ಔಷಧಿ ಅಂಗಡಿಯ ಲಿಂಕು.

ಕರಡುಪ್ರತಿ

ಕಮೆಂಟಿನ ಲಿಂಕುಗಳಿಗೆ ಮೌಲ್ಯ ಕೊಡಬೇಡ ಅಂತ ಸರ್ಚ್ ಎಂಜಿನ್ನಿಗೆ ಹೇಳುವ ನೋಫಾಲೋ ಗುರುತನ್ನು ಗೂಗಲ್, ಯಾಹೂ, ಎಂಎಸ್‌ಎನ್ ಸೇರಿ 2005ರ ಜನವರಿಯಲ್ಲೇ ತಂದವು. ಸ್ಪ್ಯಾಮು ಹಾಕುವವರು ಅದಕ್ಕೆ ಕಿವಿಗೊಡಲಿಲ್ಲ, ಕಳಿಸುವುದಕ್ಕೆ ಅವರಿಗೇನೂ ಖರ್ಚಿಲ್ಲ. ನಾನು ಮೂರು ತಿಂಗಳು ದಾಟಿದ ಬರಹಗಳಿಗೆ ಕಮೆಂಟು ಮುಚ್ಚಿದ್ದೇನೆ. ಪ್ರತಿ ಬರಹದ ಕೊನೆಗೆ ಇಮೇಲು ವಿಳಾಸ ಹಾಕಿದ್ದೇನೆ. ಸ್ಪ್ಯಾಮು ಬಹುಪಾಲು ನಿಂತಿತು. ಬರುವ ಪತ್ರಗಳು ಕಡಿಮೆ, ಆದರೆ ಬಂದದ್ದು ಉದ್ದವಾಗಿರುತ್ತವೆ.

ಲೋಲಕ ಅವರು ಎಲ್ಲಿ ಹೋದರು?

ಲೋಲಕ

ಇಲ್ಲೇ ಇದ್ದೇನೆ. ಮೂರು ದಿನ ಬರಲಾಗಲಿಲ್ಲ, ಕಾರಣ ಹೇಳುತ್ತೇನೆ.

ಕರಡುಪ್ರತಿ ಅವರು ಹೇಳಿದ ಹಾಗೆ ಯಾವ ಹಳೆಯ ಬರಹ ಓದುತ್ತಾರೆ ಅಂತ ನೋಡಿದೆ. ಎಲ್ಲಕ್ಕಿಂತ ಮೇಲಿದ್ದದ್ದು 2018ರಲ್ಲಿ ಬರೆದದ್ದು, ಕೀ ಕೊಡುವ ಗಡಿಯಾರದ ಯಂತ್ರ ಬಿಚ್ಚುವುದು ಹೇಗೆ ಅನ್ನುವ ಬರಹ. ತಿಂಗಳಿಗೆ ಎಂಬತ್ತು ತೊಂಬತ್ತು ಜನ ಅದಕ್ಕೆ ಬರುತ್ತಿದ್ದಾರೆ. ನನಗೆ ಗೊತ್ತೇ ಇರಲಿಲ್ಲ, ನಾನು ಹೊಸ ಬರಹಗಳ ಗೆರೆಯನ್ನೇ ನೋಡುತ್ತ ಕೂತಿದ್ದೆ.

ಅದನ್ನು ನೋಡಿದ ಮೇಲೆ, ಬ್ಲಾಗಿನ ಸಂಪರ್ಕ ಪುಟದಿಂದ ಬರುವ ಪತ್ರಗಳು ಹೋಗಿ ಬೀಳುವ ಫೋಲ್ಡರನ್ನೂ ತೆರೆದೆ. ವರ್ಷದಿಂದ ತೆರೆದಿರಲಿಲ್ಲ. ಸ್ಪ್ಯಾಮಿನ ನಡುವೆ ಏಳು ತಿಂಗಳ ಹಿಂದಿನ ಒಂದು ಪತ್ರ. ಆ ಬರಹವನ್ನು ಫೋನಿನಲ್ಲಿ ಪಕ್ಕಕ್ಕಿಟ್ಟುಕೊಂಡು, ಒಂದು ಸಾಲು ಓದುವುದು, ಅಷ್ಟು ಮಾಡುವುದು, ಮತ್ತೊಂದು ಸಾಲು ಓದುವುದು, ಹಾಗೆ ಅವರು ತಮ್ಮ ತಾತನ ಗಡಿಯಾರ ಬಿಚ್ಚುತ್ತಿದ್ದರಂತೆ. ನನ್ನ ಬರಹದಲ್ಲಿ ಹಿಂಬದಿಯ ಪ್ಲೇಟಿನ ನಟ್ಟು ಬಿಚ್ಚುವುದು ಎಂಟನೆಯ ಪ್ಯಾರಾ. "ಇದಕ್ಕೂ ಮುಂಚೆ ಸ್ಪ್ರಿಂಗಿನ ಬಿಗಿ ಪೂರ್ತಿ ಇಳಿಸಿರಬೇಕು" ಅನ್ನುವುದು ಒಂಬತ್ತನೆಯದು. ಬಿಗಿಯಾಗಿ ಸುತ್ತಿದ ಸ್ಪ್ರಿಂಗು ಇರುವಾಗ ಪ್ಲೇಟು ಸಡಿಲವಾದರೆ ಏನಾಗುತ್ತದೆ ಅಂತ ಈ ಕೆಲಸ ಮಾಡಿದವರಿಗೆ ಗೊತ್ತು. ಒಂದೇ ಏಟಿಗೆ ಎಲ್ಲ ಬಿಚ್ಚಿಕೊಳ್ಳುತ್ತದೆ, ಹಲ್ಲುಚಕ್ರಗಳೂ ಬಾಗುತ್ತವೆ. ಅವರ ಹೆಬ್ಬೆರಳು ಕೊಯ್ದು ಹೊಲಿಗೆ ಹಾಕಿಸಬೇಕಾಯಿತು. ಬಯ್ದು ಬರೆದ ಪತ್ರವಲ್ಲ. "ಬೇರೆ ಯಾರಿಗೂ ಹೀಗಾಗಬಾರದು, ಆ ಸಾಲನ್ನು ಮೇಲಕ್ಕೆ ತರುತ್ತೀರಾ" ಅಂತ ಕೇಳಿದ್ದರು. ಏಳು ತಿಂಗಳು ಆ ಪತ್ರ ಅಲ್ಲೇ ಬಿದ್ದಿತ್ತು. ಅಷ್ಟು ದಿನ ತಿಂಗಳಿಗೆ ಎಂಬತ್ತು ಜನ ಅದೇ ಬರಹ ಓದಿದ್ದಾರೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಅವರಿಗೆ ಕ್ಷಮೆ ಕೇಳಿ ಬರೆದೆ. ಬರಹವನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ಈಗ ಮೊದಲ ಪ್ಯಾರಾವೇ ಬಿಗಿ ಇಳಿಸುವುದು: ಕೀಯನ್ನು ಬಲವಾಗಿ ಹಿಡಿದುಕೊಂಡು, ಹಲ್ಲಿಗೆ ಅಡ್ಡ ಕೂತ ಕೊಕ್ಕೆಯನ್ನು ಎತ್ತಿ, ಕೀ ಕೈಯೊಳಗೇ ನಿಧಾನವಾಗಿ ಹಿಂದಕ್ಕೆ ತಿರುಗಲು ಬಿಡುವುದು. ಅದಕ್ಕೆ ಹೊಸದಾಗಿ ನಾಲ್ಕು ಚಿತ್ರ ತೆಗೆದೆ. ತಲೆಯ ಮೇಲೆ ಯಾವ ತಾರೀಖು ಏನು ತಿದ್ದಿದೆ, ಮೊದಲು ಏನು ತಪ್ಪಿತ್ತು ಅಂತಲೂ ಬರೆದೆ. ವಿಳಾಸ ಬದಲಿಸಿಲ್ಲ, ಒಂಟಿಸಾಲು ಅವರೇ.

ಕರಡುಪ್ರತಿ

ಅವರು ಉತ್ತರ ಬರೆದರೇ?

ಲೋಲಕ

ಬರೆದರು. ಬೆರಳು ವಾಸಿಯಾಗಿದೆಯಂತೆ, ಗಡಿಯಾರ ಇನ್ನೂ ಡಬ್ಬಿಯಲ್ಲಿದೆಯಂತೆ. ಬಾಗಿದ ಚಕ್ರದ ಚಿತ್ರ ಕಳಿಸಿದ್ದಾರೆ, ನೇರ ಮಾಡಬಹುದಾದದ್ದೇ. ಮುಂದಿನ ವಾರ ವಿಡಿಯೋ ಕರೆಯಲ್ಲಿ ಇಬ್ಬರೂ ಕೂತು ನೋಡುತ್ತೇವೆ.

ನಿಲ್ಲಿಸಲೋ ಮುಂದುವರಿಸಲೋ ಅಂತ ಕೇಳಿದ್ದೆ. ಸದ್ಯಕ್ಕೆ ಹೊಸದು ಬರೆಯುತ್ತಿಲ್ಲ. ಮೊದಲನೆಯದರಿಂದ ಶುರುಮಾಡಿ ಎಲ್ಲ 214ನ್ನೂ, ಪಕ್ಕದಲ್ಲಿ ಒಂದು ಗಡಿಯಾರ ಇಟ್ಟುಕೊಂಡು, ಸಾಲು ಸಾಲಾಗಿ ಮಾಡಿ ನೋಡುತ್ತ ಓದುತ್ತಿದ್ದೇನೆ. ದಿನಕ್ಕೆ ನಾಲ್ಕು. ಎಣಿಕೆಯ ಪುಟ ಮೂರು ದಿನದಿಂದ ತೆರೆದಿಲ್ಲ, ನೆನಪೇ ಆಗಲಿಲ್ಲ.

ಇವತ್ತು ಹನ್ನೆರಡನೆಯದಕ್ಕೆ ಬಂದೆ. ಅದರಲ್ಲಿ, ಲೋಲಕದ ಬಿಲ್ಲೆಯನ್ನು ಮೇಲಕ್ಕೇರಿಸಿದರೆ ಗಡಿಯಾರ ನಿಧಾನವಾಗುತ್ತದೆ ಅಂತ ಬರೆದಿದ್ದೇನೆ. ತಿರುವುಮುರುವು. ಮೇಲಕ್ಕೇರಿಸಿದರೆ ಬೇಗ ಓಡುತ್ತದೆ. ಎಂಟು ವರ್ಷದಿಂದ ಹಾಗೇ ಇದೆ. ತಿದ್ದಿ ಬರುತ್ತೇನೆ.